ಓಬಯ್ಯ ಹಚ್ಚಿದ ಎಣ್ಣೆ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಡುವ ಬೆಳಗಿನ ಎಂಟರ ಖಾಸಗಿ ಬಸ್ಸಿನಲ್ಲಿ ಓಬಯ್ಯನಿಗೆ ಸೀಟು ಸಿಕ್ಕಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಜೀವಮಾನವಿಡೀ ಬೇರೆಯವರು ಕೂರುವ ಸೀಟು ಹೊಲಿದು, ತೊಳೆದು, ಒರೆಸಿದ ಮನುಷ್ಯ ತಾನು ಮಾತ್ರ ಕಂಬಿ ಹಿಡಿದು ನಿಂತೇ ಬರುತ್ತಾನೆ. ಯಾರಾದರೂ ಇದನ್ನು ತಮಾಷೆಗೆ ಎತ್ತಿ ಆಡಿದರೆ ಅವನು ನಗುವುದಿಲ್ಲ. ಐವತ್ತೊಂಬತ್ತಕ್ಕೇ ಎರಡೂ ಮಂಡಿ ಕೈಕೊಟ್ಟ ಮೇಲೆ ಅಂಥ ತಮಾಷೆ ಯಾರಿಗೂ ರುಚಿಸುವುದಿಲ್ಲ.

ಅವನಿಗೆ ಕೆಲಸ ಕಲಿಸಿದವರು ಭದ್ರಾವತಿಯ ಸೆಲ್ವರಾಜ್ ಮೇಸ್ತ್ರಿ. ಕಾರ್ಖಾನೆಗೆ ಜನರನ್ನು ಕರೆತರುತ್ತಿದ್ದ ಬಸ್ಸುಗಳ ಸೀಟು ಹೊಲಿಯುವ ಗುತ್ತಿಗೆ ಅವರದಾಗಿತ್ತು. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಬಯ್ಯುತ್ತಲೇ, ರೆಕ್ಸಿನ್ ಯಾವುದು, ಚರ್ಮ ಯಾವುದು ಎಂದು ಕಣ್ಣು ಮುಚ್ಚಿಸಿ, ಬೆರಳಲ್ಲಿ ಮುಟ್ಟಿಸಿ ಕಲಿಸಿದರು. ಪಾಳಿಗಳು ಕಡಿಮೆಯಾದವು, ಬಸ್ಸುಗಳು ನಿಂತವು, ಮೇಸ್ತ್ರಿಯೂ ಹೋಗಿಬಿಟ್ಟರು. ಓಬಯ್ಯ ಶಿವಮೊಗ್ಗಕ್ಕೆ ಬಂದು ಬೈಪಾಸ್ ರಸ್ತೆಯಲ್ಲಿ ರೂಪೇಶ್ ಎಂಬವನ ಕಾರು ಅಲಂಕಾರದ ಅಂಗಡಿ ಸೇರಿದ. ಅದಕ್ಕೀಗ ಹದಿನಾಲ್ಕು ವರ್ಷ. ಈಗೆಲ್ಲ ರೆಡಿಮೇಡ್ ಕವರ್ ಹಾಕಿಸಿಕೊಂಡು ಹೋಗುವವರೇ ಹೆಚ್ಚು. ಆದರೂ ನಿಜವಾದ ಚರ್ಮದ ಸೀಟಿನ ಗಾಡಿ ಬಂತೆಂದರೆ ರೂಪೇಶ್ ಕೂಗುವುದು ಒಂದೇ ಹೆಸರನ್ನು. ಓಬಯ್ಯ ಮುಟ್ಟಿದರೆ ಹಳೇ ಸೀಟೂ ಹೊಸದಾಗುತ್ತದೆ ಎಂಬ ಮಾತು ಗಾಡಿ ಇಟ್ಟವರ ನಡುವೆ ಓಡಾಡುತ್ತಿತ್ತು. ಅವನು ಸಂಪಾದಿಸಿದ್ದು ಅಂತ ಇದ್ದದ್ದು ಆ ಮಾತೊಂದೇ.

ಮಾರ್ಚಿನ ಬಿಸಿಲು ಸುಡಲು ಶುರುವಾಗಿದ್ದ ಒಂದು ಶನಿವಾರ ಹೊಳಲೂರಿನ ಪರಮೇಶ್ವರಪ್ಪನವರ ಬಿಳಿ ಪಿಕಪ್ ಅಂಗಡಿ ಮುಂದೆ ಬಂದು ನಿಂತಿತು. ಮುಂದೆ ಎರಡು, ಹಿಂದೆ ಮೂರು ಜನ ಕೂರುವ ದೊಡ್ಡ ಗಾಡಿ. ಅದರ ಹಿಂದೆ ಅಡಿಕೆ ಮೂಟೆ ತುಂಬುವಷ್ಟು ಜಾಗ. ಮಂಗಳೂರಿನ ಕಡೆಯ ಯಾರೋ ಶ್ರೀಮಂತರಿಂದ ಸೆಕೆಂಡ್ ಹ್ಯಾಂಡಾಗಿ ಕೊಂಡದ್ದು, ಹಾಗಾಗಿ ಚರ್ಮದ ಸೀಟಿನ ಭಾಗ್ಯ. ಪರಮೇಶ್ವರಪ್ಪ ಮೂಗಿಗೆ ಕರವಸ್ತ್ರ ಹಿಡಿದೇ ಇಳಿದರು. ಆ ಕಡೆಯಿಂದ ಅವರ ಡ್ರೈವರ್ ಆನಂದ ಇಳಿದ. ಮೂವತ್ತರ ಆಸುಪಾಸಿನ ತೆಳ್ಳಗಿನ ಆಳು.

‘ಸೀಟೆಲ್ಲ ಬಿರುಕು ಬಿಟ್ಟಿದೆ ಓಬಯ್ಯ. ವಾಸನೆ ಬೇರೆ. ಮನೆಯವ್ರು ಈ ಗಾಡಿ ಹತ್ತೋದೇ ಬಿಟ್ಟಿದ್ದಾರೆ’ ಎಂದರು ಪರಮೇಶ್ವರಪ್ಪ. ‘ಇವನು ಬೆವರು ಸುರಿಸ್ಕೊಂಡು ಕೂತೂ ಕೂತೂ ಹಿಂಗಾಗಿದೆ. ಎಷ್ಟು ಹೇಳಿದ್ರೂ ಅಷ್ಟೇ, ಮೈ ಶುದ್ಧ ಇಟ್ಕೊಳ್ಳಲ್ಲ. ನೀನು ನೀಟಾಗಿ ಮಾಡ್ಕೊಡು. ಸೋಮವಾರದಿಂದ ಬೇರೆ ಡ್ರೈವರ್ ಬರ್ತಾನೆ.’

ಆನಂದ ಪಕ್ಕದಲ್ಲೇ ನಿಂತಿದ್ದ. ಅವನಿಲ್ಲದಾಗ ಆಡಬೇಕಾದ ಮಾತನ್ನು ಅವನೆದುರೇ ಆಡುವುದರಲ್ಲಿ ಪರಮೇಶ್ವರಪ್ಪನವರಿಗೆ ಏನೂ ತಪ್ಪು ಕಾಣಲಿಲ್ಲ. ಕೆಟ್ಟ ಮನುಷ್ಯರೇನಲ್ಲ, ಕೆಲಸದವರಿಗೂ ಕಿವಿಯಿದೆ ಎನ್ನುವುದು ಅವರ ಗಮನಕ್ಕೆ ಬಂದಿರಲಿಲ್ಲ, ಅಷ್ಟೆ. ಮದುವೆಯ ಜವಳಿ ನೋಡಬೇಕು, ಐದು ಗಂಟೆಗೆ ಬರ್ತೀನಿ ಎಂದು ಆಟೋ ಹತ್ತಿ ಗಾಂಧಿ ಬಜಾರಿಗೆ ಹೋದರು.

ಓಬಯ್ಯ ಗಾಡಿಯ ಬಾಗಿಲು ತೆರೆದ. ಬಿಸಿಲಿಗೆ ಕಾದಿದ್ದ ಒಳಗಿನ ಗಾಳಿ ಮುಖಕ್ಕೆ ಬಡಿಯಿತು. ಅದರ ಜೊತೆ ಬಂದ ಕಮಟು ವಾಸನೆಯನ್ನು ಎರಡನೇ ಸಲ ಮೂಸಿ ನೋಡುವ ಅಗತ್ಯವೇ ಅವನಿಗೆ ಬೀಳಲಿಲ್ಲ. ಅದು ಬೆವರಲ್ಲ. ಹಳಸಿದ ಕೊಬ್ಬರಿ ಎಣ್ಣೆ. ಹಚ್ಚಿದವನು ತಾನೇ.

ಹೋದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ ಆಯುಧಪೂಜೆಯ ಮುನ್ನಾದಿನದ ಮಾತು. ಆ ದಿನ ಶಿವಮೊಗ್ಗದ ಗಾಡಿಗಳೆಲ್ಲ ಹೊಳೆಯಲೇಬೇಕು. ಬೆಳಗಾದರೆ ಬಾನೆಟ್ಟಿಗೆ ಹಾರ, ಚಕ್ರದಡಿ ನಿಂಬೆಹಣ್ಣು, ಬೂದುಗುಂಬಳಕ್ಕೆ ಕುಂಕುಮ. ಅಂಗಡಿ ಮುಂದೆ ರಸ್ತೆಯವರೆಗೂ ಗಾಡಿಗಳ ಸಾಲು ನಿಂತಿತ್ತು. ಚರ್ಮಕ್ಕೆ ಹಚ್ಚುವ ಕ್ರೀಮು ಮಧ್ಯಾಹ್ನವೇ ಮುಗಿದಿತ್ತು. ಸಾಲಿನ ಕೊನೆಯಲ್ಲಿ ಈ ಪಿಕಪ್. ‘ಏನಾದ್ರೂ ಹಚ್ಚಣ್ಣ, ನಾಳೆ ಪೂಜೆಗೆ ಹೊಳೆದ್ರೆ ಸಾಕು’ ಎಂದಿದ್ದ ರೂಪೇಶ್. ಒಡೆದ ಅಂಗೈಗೆ ಸವರಿಕೊಳ್ಳಲೆಂದು ಓಬಯ್ಯ ಇಟ್ಟುಕೊಂಡಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಕೈಗೆ ಸಿಕ್ಕಿತು. ಚರ್ಮಕ್ಕೆ ಅಡುಗೆಮನೆಯ ಎಣ್ಣೆ ತಾಗಿಸಬಾರದು ಎಂದು ಸೆಲ್ವರಾಜ್ ಮೇಸ್ತ್ರಿ ನೂರು ಸಲ ಹೇಳಿದ್ದರು. ಅವನಿಗದು ಗೊತ್ತಿತ್ತು. ಸೊಂಟ ಬಿದ್ದುಹೋಗಿತ್ತು, ಹಸಿವಾಗಿತ್ತು, ಮನೆಗೆ ಹೋದರೆ ಸಾಕಾಗಿತ್ತು. ಐದೂ ಸೀಟಿಗೆ ಬಳಿದ. ಸೀಟು ಕನ್ನಡಿಯಂತೆ ಹೊಳೆಯಿತು. ಪರಮೇಶ್ವರಪ್ಪ ಮೆಚ್ಚಿ, ಮರುದಿನ ಪೂಜೆಯ ಮಂಡಕ್ಕಿಯ ದೊಡ್ಡ ಪೊಟ್ಟಣವನ್ನೇ ಕಳಿಸಿದ್ದರು.

ಓಬಯ್ಯ ಈಗ ಕೆಲಸಕ್ಕೆ ಕೂತ. ಮೊದಲು ವ್ಯಾಕ್ಯೂಮಿನಿಂದ ಸಂದುಗಳ ಧೂಳು, ಅಡಿಕೆ ಸಿಪ್ಪೆಯ ನಾರು ಎಳೆದ. ಸೌಮ್ಯವಾದ ಸೋಪನ್ನು ನೊರೆ ಮಾಡಿ, ನೀರು ಇಳಿಯದಂತೆ ಮೆತ್ತನೆಯ ಬ್ರಷ್ಷಿನಲ್ಲಿ ವೃತ್ತ ವೃತ್ತವಾಗಿ ತಿಕ್ಕಿ, ಹಿಂಡಿದ ಬಟ್ಟೆಯಲ್ಲಿ ಒರೆಸಿದ. ಮೊದಲ ಬಟ್ಟೆ ಕಪ್ಪಾಯಿತು, ಎರಡನೆಯದು ಹಳದಿಯಾಯಿತು. ಆನಂದ ಅಂಗಡಿಯ ಆ ತುದಿಯಲ್ಲಿ ಟೈರೊಂದರ ಮೇಲೆ ಕೂತಿದ್ದ. ‘ಬಾರಪ್ಪ, ಫ್ಯಾನ್ ಕೆಳಗೆ ಕೂತ್ಕೊ, ಟೀ ಕುಡಿ’ ಎಂದರೆ ‘ಬೇಡಣ್ಣ, ಇಲ್ಲೇ ಗಾಳಿ ಬರುತ್ತೆ’ ಎಂದ. ಅಲ್ಲಿ ಗಾಳಿಯ ಸುಳಿವೂ ಇರಲಿಲ್ಲ. ಟೀ ಕೊಡಲು ಓಬಯ್ಯನೇ ಎದ್ದು ಹೋದ. ಆನಂದ ಕೈಯನ್ನಷ್ಟೇ ಮುಂದೆ ಚಾಚಿ, ಮೈಯನ್ನು ಹಿಂದಕ್ಕೆ ಎಳೆದುಕೊಂಡು ಲೋಟ ಇಸಿದುಕೊಂಡ. ಅದು ಓಬಯ್ಯನಿಗೆ ಚುಚ್ಚಿತು.

ಸೀಟಿನ ನಡುಭಾಗದಲ್ಲಿ ಗಾಳಿಯಾಡಲು ಸಾಸಿವೆಯಷ್ಟು ಸಣ್ಣ ತೂತುಗಳಿದ್ದವು. ಎಣ್ಣೆ ಅಲ್ಲಿಂದಲೇ ಇಳಿದಿರಬೇಕು. ಕ್ಲಿಪ್ಪು ಬಿಡಿಸಿ, ಚರ್ಮ ಎತ್ತಿ ನೋಡಿದ. ಡ್ರೈವರ್ ಸೀಟಿನ ಸ್ಪಾಂಜು ಹಳದಿಗಟ್ಟಿ ಜಿಗುಟಾಗಿತ್ತು. ಪಕ್ಕದ ಸೀಟಿನದೂ ಹಾಗೇ. ಹಿಂದಿನ ಮೂರೂ ಹಾಗೇ. ಅಲ್ಲಿ ಆನಂದನ ಬೆನ್ನು ಒಂದು ದಿನವೂ ತಾಗಿರಲು ಸಾಧ್ಯವಿಲ್ಲ.

ರೂಪೇಶನನ್ನು ಒಳಗೆ ಕರೆದು ಹೇಳಿದ. ರೂಪೇಶ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ‘ಸುಮ್ನಿರಣ್ಣ. ಅವರ ಮನೆ ಮೂರು ಗಾಡಿ ನಮ್ಮಲ್ಲಿಗೇ ಬರೋದು. ನೀನು ಹಿಂಗೆ ಮಾಡಿದ್ದೆ ಅಂತ ಗೊತ್ತಾದ್ರೆ ಇನ್ಯಾರು ಸೀಟು ಮುಟ್ಟಿಸ್ತಾರೆ ನಿನ್ ಹತ್ರ? ಸ್ಪಾಂಜ್ ಬದಲಾಯ್ಸು, ವಾಸನೆ ಹೋಗುತ್ತೆ. ಡ್ರೈವರ್‌ಗೆ ಬೇರೆ ಗಾಡಿ ಸಿಗುತ್ತೆ ಬಿಡು.’

ಮಾತು ತಪ್ಪೇನಲ್ಲ ಅನ್ನಿಸಿತು ಓಬಯ್ಯನಿಗೆ. ಹೊಸ ಸ್ಪಾಂಜು ಕತ್ತರಿಸಿದ. ಕೂರಿಸಿದ. ಬಿರುಕುಗಳಿಗೆ ಫಿಲ್ಲರ್ ತುಂಬಿ, ಒಣಗಿಸಿ, ನುಣ್ಣಗೆ ಉಜ್ಜಿ, ಬಣ್ಣ ತಾಗಿಸಿದ. ಮಂಡಿಯೂರಿ ಕೂತವನಿಗೆ ಪ್ರತಿ ಸಲ ಏಳುವಾಗ ಬಾಗಿಲು ಹಿಡಿಯಬೇಕಾಗುತ್ತಿತ್ತು. ಆಯಾಸ ಎಂದರೆ ಅವನಿಗೆ ಮೈಯದ್ದು ಮಾತ್ರವಾಗಿರಲಿಲ್ಲ. ಇಷ್ಟು ವರ್ಷ ಯಾರ ಸುದ್ದಿಗೂ ಹೋಗದೆ, ಎಲ್ಲದಕ್ಕೂ ತಲೆ ಬಗ್ಗಿಸಿ ಬದುಕಿದ್ದರ ಆಯಾಸ. ಇನ್ನೊಂದು ಸಲ ಬಗ್ಗಿಸಿದರೆ ಏನು ಹೋಗುತ್ತದೆ? ಸಂಜೆ ಬಸ್ಸು ಹಿಡಿದರೆ ಹೆಂಡತಿ ದುರ್ಗಮ್ಮ ಬಿಸಿನೀರು ಕಾಯಿಸಿಟ್ಟಿರುತ್ತಾಳೆ, ಅನ್ನ ಸಾರು ಇರುತ್ತದೆ, ನಿದ್ದೆ ಬರುತ್ತದೆ. ನಿದ್ದೆ ಬರುವುದಿಲ್ಲ ಎಂಬುದು ಕ್ರೀಮು ಹಚ್ಚುವ ಹೊತ್ತಿಗೆ ಅವನಿಗೆ ಖಾತ್ರಿಯಾಗಿತ್ತು. ಸ್ವಲ್ಪವೇ ಸ್ವಲ್ಪ, ತೆಳ್ಳಗೆ, ಹೇಗೆ ಹಚ್ಚಬೇಕೋ ಹಾಗೇ ಹಚ್ಚಿದ. ಅಂದು ಹೀಗೆ ಹಚ್ಚಿದ್ದರೆ ಈ ಮನುಷ್ಯ ಟೈರಿನ ಮೇಲೆ ದೂರ ಕೂರುತ್ತಿರಲಿಲ್ಲ.

ಐದಕ್ಕೆ ಸರಿಯಾಗಿ ಪರಮೇಶ್ವರಪ್ಪ ಜವಳಿಯ ಚೀಲಗಳೊಂದಿಗೆ ಬಂದರು. ಬಾಗಿಲು ತೆರೆದು, ಮೂಗಿನಿಂದ ಕರವಸ್ತ್ರ ತೆಗೆದು, ಜೋರಾಗಿ ಉಸಿರೆಳೆದರು. ಮುಖ ಅರಳಿತು.

‘ನೋಡು, ಇವನು ಇಳಿದ್ಮೇಲೆ ಗಾಡಿ ಗಾಡಿ ಥರ ಆಯ್ತು’ ಎಂದರು.

ಓಬಯ್ಯ ಒಳಗೆ ಹೋಗಿ ಹಳದಿ ಸ್ಪಾಂಜಿನ ತುಂಡೊಂದನ್ನು ತಂದು ಅವರ ಮುಂದೆ ಹಿಡಿದ. ‘ಮೂಸಿ ನೋಡಿ ಗೌಡ್ರೆ. ಇದು ನೀವು ಕೂರೋ ಸೀಟಿಂದು. ಹಿಂದಿನ ಸೀಟಿಂದೂ ಹಿಂಗೇ ಇದೆ. ಇದು ಬೆವರಲ್ಲ, ಕೊಬ್ಬರಿ ಎಣ್ಣೆ. ಆಯುಧಪೂಜೆಗೆ ಹೊಳೀಲಿ ಅಂತ ನಾನೇ ಬಳಿದಿದ್ದೆ. ಬಳೀಬಾರ್ದು ಅಂತ ಗೊತ್ತಿದ್ದೂ ಬಳಿದೆ. ಸೀಟು ಹಾಳಾಗಿದ್ದು ನನ್ನಿಂದ. ಈ ಹುಡುಗಂದು ಏನೂ ತಪ್ಪಿಲ್ಲ.’

ರೂಪೇಶ್ ಗೋಡೆಯ ಮೇಲಿನ ಕವರ್‌ಗಳನ್ನು ಸುಮ್ಮನೆ ಸರಿಪಡಿಸುತ್ತಾ ನಿಂತ. ಪರಮೇಶ್ವರಪ್ಪ ಸ್ಪಾಂಜನ್ನು ಮೂಸಿದರು, ದೂರ ಸರಿಸಿದರು, ಮತ್ತೊಮ್ಮೆ ಮೂಸಿದರು. ಆನಂದನ ಕಡೆ ನೋಡಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

‘ಸೋಮವಾರ ನೀನೇ ಬಾ’ ಎಂದರು ಅವನಿಗೆ. ಓಬಯ್ಯನಿಗೆ ‘ನಿನ್ನ ಮೇಲೆ ನಂಬಿಕೆ ಇಟ್ಟಿದ್ದೆ ಮಾರಾಯ. ಇನ್ನು ನಮ್ಮ ಗಾಡಿ ಮುಟ್ಟಬೇಡ’ ಎಂದರು. ರೂಪೇಶನ ಹತ್ತಿರ ಏನೋ ಮಾತಾಡಲು ಒಳಗೆ ಹೋದರು.

ಹೊರಗೆ ಇಬ್ಬರೇ ಉಳಿದರು. ಹದಿನಾಲ್ಕು ವರ್ಷದ ಹೆಸರು ಒಂದು ಉಸಿರಲ್ಲಿ ಹೋಗಿತ್ತು. ಓಬಯ್ಯನಿಗೆ ದುಃಖವಾಗಿತ್ತು, ಹಗುರವೂ ಆಗಿತ್ತು. ಈ ಹುಡುಗ ಒಂದು ಮಾತು ಬಯ್ಯಲಿ, ಇಲ್ಲವೇ ಉಪಕಾರವಾಯಿತು ಅನ್ನಲಿ ಎಂದು ಕಾದ. ಆನಂದ ಎರಡೂ ಮಾಡಲಿಲ್ಲ. ಸ್ಪಾಂಜಿನ ತುಂಡನ್ನು ಎತ್ತಿಕೊಂಡು ಮೂಸಿದ. ಆಮೇಲೆ ತನ್ನ ಅಂಗಿಯ ತೋಳನ್ನು ಮೂಸಿದ.

‘ಒಂದೂವರೆ ವರ್ಷ ಆಯ್ತಣ್ಣ’ ಎಂದ. ‘ನಾನೂ ನನ್ನ ಮೈದೇ ಅಂದ್ಕೊಂಡಿದ್ದೆ. ದಿನಕ್ಕೆ ಎರಡು ಸಲ ಸ್ನಾನ ಮಾಡಿದೆ. ತಲೆಗೆ ಎಣ್ಣೆ ಹಚ್ಚೋದು ಬಿಟ್ಟೆ. ನನ್ನ ಬಟ್ಟೆ ಬೇರೆ ಒಗಿ ಅಂತ ಕವನಂಗೆ ಹೇಳಿದ್ದೆ, ಮನೆಯವಳಿಗೆ. ಮಗಳು ಸಿರಿ ಎತ್ಕೊ ಅಂತ ಓಡಿ ಬಂದ್ರೆ, ಮುಟ್ಟಬೇಡ ಪುಟ್ಟಿ, ಸ್ನಾನ ಮಾಡಿ ಬರ್ತೀನಿ ಅಂತಿದ್ದೆ.’

ಓಬಯ್ಯ ಅವನ ಭುಜ ಮುಟ್ಟಲು ಕೈ ಎತ್ತಿದ. ಆನಂದ ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದ.

‘ಅವಳಿಗೀಗ ನಾಲ್ಕು ವರ್ಷ’ ಎಂದ. ‘ನಾನು ಮನೆಗೆ ಹೋದ್ರೆ ಈಗ ಅವಳೇ ಬಾಗಿಲ ಹಿಂದೆ ನಿಂತ್ಕೊಂಡು, ಮೊದ್ಲು ಸ್ನಾನ ಮಾಡಪ್ಪ ಅಂತಾಳೆ.’