ಎದುರಿಗೇ ಇದ್ದ ನೋಟೀಸ್ ಬೋರ್ಡು

ಕೋರ್ಟಿನ ಗೇಟಿಗೆ ನೇರ ಎದುರು, ರಸ್ತೆಯ ಈಚೆ ಬದಿಗೆ, ಹಲಗೆ ಬಾಗಿಲಿನ ಒಂದು ಅಂಗಡಿ. ಒಳಗೆ ಒಂದು ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಇಪ್ಪತ್ತನಾಲ್ಕು ವರ್ಷದಿಂದ ಅದೇ ಹೆಂಗಸು. ಕೋರ್ಟ್ ಫೀ ಸ್ಟಾಂಪು, ಅರ್ಜಿ ಬರೆಯುವ ಗಟ್ಟಿ ಕಾಗದ, ಫೈಲು ಹೊಲಿಯುವ ದಾರ, ದಬ್ಬಣ, ಗೋಂದು, ಶಾಯಿ, ಅರಗು. ಇಷ್ಟೇ ವ್ಯಾಪಾರ. ಊರು ಅವಳನ್ನು ಸ್ಟಾಂಪಕ್ಕ ಎಂದು ಕರೆದು ಕರೆದು, ತಂದೆತಾಯಿ ಇಟ್ಟ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವಳು ಮತ್ತು ಅತ್ತೆ, ಇಬ್ಬರೇ. ಅತ್ತೆಗೆ ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ಇಬ್ಬರ ಹೊಟ್ಟೆಯೂ ತುಂಬುತ್ತಿದ್ದದ್ದು ಆ ಸ್ಟೂಲಿನಿಂದ.

ಸ್ಟಾಂಪು ಮಾರುವುದಕ್ಕೆ ಲೈಸೆನ್ಸು ಬೇಕು. ಅವಳ ಲೈಸೆನ್ಸಿನಲ್ಲಿ ಆ ಅಂಗಡಿಯ ಬಾಗಿಲ ನಂಬರೇ ಬರೆದಿತ್ತು. ಮಾರಿದ ಪ್ರತಿ ಸ್ಟಾಂಪಿನ ಬೆನ್ನಿಗೆ ತಾರೀಕು ಹಾಕಿ ತನ್ನ ಕೈಯಾರೆ ಸಹಿ ಮಾಡಬೇಕು, ಅದೂ ಕಾಯಿದೆ. ಅವಳ ಸಹಿ ಬಹಳ ಚೆಂದ. ದುಂಡಗೆ, ಕೊನೆಯಲ್ಲಿ ಒಂದು ಬಾಲ. ಆ ಬಾಲ ನೋಡಿಯೇ ಕೋರ್ಟಿನ ಗುಮಾಸ್ತರು, "ಇದು ಅಕ್ಕನ ಮಾಲು" ಅನ್ನುತ್ತಿದ್ದರು.

ಯಾವ ದಾವೆಗೆ ಎಷ್ಟು ಫೀಸು, ಕಾಗದದ ಎಡಗಡೆ ಎಷ್ಟು ಬೆರಳು ಜಾಗ ಬಿಡಬೇಕು, ಎದುರು ಪಾರ್ಟಿ ಮೂರು ಜನ ಇದ್ದರೆ ಸಮನ್ಸು ತಲುಪಿಸುವ ಖರ್ಚು ಎಷ್ಟಾಗುತ್ತೆ, ಎಲ್ಲಾ ಅವಳ ನಾಲಿಗೆಯ ತುದಿಯಲ್ಲಿ. ಹೊಸದಾಗಿ ಕರಿ ಕೋಟು ಹಾಕಿದ ವಕೀಲರು ಕೂಡ ಪುಸ್ತಕ ತೆಗೆಯುವ ಬದಲು ರಸ್ತೆ ದಾಟಿ ಬರುತ್ತಿದ್ದರು. ಆದರೆ ಅವಳು ಗೊತ್ತಿದ್ದದ್ದನ್ನು ಒಟ್ಟಿಗೆ ಕೊಡುತ್ತಿರಲಿಲ್ಲ. ಸ್ಟಾಂಪಿನ ಕಮಿಷನ್ನು ಕಡ್ಡಿಯಷ್ಟು. ಲಾಭ ಇದ್ದದ್ದು ಕಾಗದ, ದಾರ, ಲಕೋಟೆಯಲ್ಲಿ. ಹಾಗಾಗಿ ತಿಳಿವಳಿಕೆಯನ್ನು ಕಂತಿನ ಮೇಲೆ ಮಾರುತ್ತಿದ್ದಳು. ಇವತ್ತು ಫೀಸಿನ ಸ್ಟಾಂಪು. ಕೋರ್ಟಿನ ಕೌಂಟರಿನಲ್ಲಿ ಕಾಗದ ವಾಪಸ್ಸು ಮಾಡಿದ ಮೇಲೆ ಸಮನ್ಸಿನ ಸ್ಟಾಂಪು. ಮತ್ತೆ ವಾಪಸ್ಸು ಬಂದರೆ ನಕಲು ಪ್ರತಿ, ವಿಳಾಸ ಬರೆದ ಲಕೋಟೆ.

ಬೇಲಿಯ ತಕರಾರಿಗೆ ದಾವೆ ಹಾಕಲು ಬಂದ ಒಬ್ಬ ಹಾಲು ಮಾರುವವಳು ಮೂರನೇ ಸಲ ಬಂದಾಗ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಅಕ್ಕಾ, ಎಲ್ಲಾ ಒಂದೇ ಸಲ ಹೇಳಿದ್ರೆ ನನಗೆ ಎರಡು ದಿನದ ಬಸ್ಸು ಉಳೀತಿತ್ತಲ್ವಾ?"

"ನೀನು ಕೇಳಲಿಲ್ಲ ಕಣಮ್ಮ. ಕೇಳಿದ್ದಕ್ಕೆ ಹೇಳಿದೆ. ಕೇಳದೇ ಇದ್ದದ್ದನ್ನ ಹೇಳೋಕೆ ನಾನೇನು ರೇಡಿಯೋನಾ?"

ಅಂಗಡಿಯಲ್ಲಿದ್ದವರು ನಕ್ಕರು. ಹಾಲಿನವಳೂ, ಬೇರೆ ದಾರಿ ಕಾಣದೆ, ನಕ್ಕಳು. ಕೈಯಲ್ಲಿ ಕಾಸಿಲ್ಲದವರು ಫೀಸು ಮಾಫಿಗೆ ಅರ್ಜಿ ಹಾಕಬಹುದು, ಅದಕ್ಕೆ ಒಂದು ಹಾಳೆ ಸಾಕು ಎಂಬುದನ್ನು ಸ್ಟಾಂಪಕ್ಕ ಆ ಇಪ್ಪತ್ತನಾಲ್ಕು ವರ್ಷದಲ್ಲಿ ಯಾರ ಕಿವಿಗೂ ಹಾಕಿರಲಿಲ್ಲ. ತನ್ನ ಅಂಗಡಿಗೆ ತಾನೇ ಬೀಗ ಹಾಕಿಕೊಳ್ಳುವಷ್ಟು ದಡ್ಡಿಯೇ ಅವಳು?

ಬೀಗ ಬಂದದ್ದು ಬೇರೆ ಕಡೆಯಿಂದ. ಬಾಡಿಗೆಗೆ ಕೊಟ್ಟಿದ್ದ ಹಳೇ ಮಾಲೀಕ ಹೋದ ಮೇಲೆ ಅವನ ಮಗ, ಸ್ವಂತ ವ್ಯಾಪಾರಕ್ಕೆ ಅಂಗಡಿ ಬೇಕು ಎಂದು ದಾವೆ ಹಾಕಿದ. ಆ ದಾವೆಯ ಸ್ಟಾಂಪನ್ನೂ ಇವಳ ಹತ್ತಿರವೇ ಕೊಂಡ. ಎರಡು ವರ್ಷ ನಡೆದು ಕೊನೆಗೆ ಐದನೇ ತಾರೀಕು ತೀರ್ಪು ಬಂತು: ಖಾಲಿ ಮಾಡಬೇಕು. ಮೇಲ್ಮನವಿಗೆ ಮೂವತ್ತು ದಿನ. ಮೇಲಿನ ಕೋರ್ಟು ಅಂದರೆ ಏನೂ ದೂರವಲ್ಲ, ಅದೇ ಕಟ್ಟಡದ ಮಹಡಿ.

ಅತ್ತೆ ಗಾಬರಿಯಾದಳು. "ಅಂಗಡಿ ಹೋದ್ರೆ ಲೈಸೆನ್ಸು ಹೋಯ್ತು. ಲೈಸೆನ್ಸು ಹೋದ್ರೆ ಒಲೆ ಆರಿತು. ನಾಳೇನೇ ಹಾಕು ಅದೇನೋ ಅರ್ಜಿ."

"ಅತ್ತೇ, ಸುಮ್ನಿರಿ. ನನಗೆ ಕೋರ್ಟು ಕಲಿಸಬೇಡಿ."

ಮೇಲ್ಮನವಿಗೆ ತೀರ್ಪಿನ ನಕಲು ಬೇಕು. ನಕಲಿಗೆ ಅರ್ಜಿ ಕೊಟ್ಟ ದಿನದಿಂದ ನಕಲು ತಯಾರಾಗುವ ದಿನದವರೆಗೆ ಗಡುವು ಓಡುವುದಿಲ್ಲ, ನಿಂತಿರುತ್ತದೆ. ಆ ಕೋರ್ಟಿನಲ್ಲಿ ನಕಲು ತಯಾರಾಗಲು ಏನಿಲ್ಲವೆಂದರೂ ಎರಡು ತಿಂಗಳು. ಆದ್ದರಿಂದ ಸ್ಟಾಂಪಕ್ಕ ಆತುರಪಡದೆ, ವಕೀಲರ ಫೀಸಿಗೆ ದುಡ್ಡು ಹೊಂದಿಸುತ್ತ, ಇಪ್ಪತ್ತನೇ ದಿನ ನಕಲಿಗೆ ಅರ್ಜಿ ಕೊಟ್ಟಳು. ಇನ್ನು ಹತ್ತು ದಿನ ಕೈಯಲ್ಲಿ, ಮೇಲೆ ಎರಡು ತಿಂಗಳು ಬೋನಸ್ಸು. ಗಡಿಯಾರವೇ ತನ್ನ ಸೆರಗಿನ ಗಂಟಿನಲ್ಲಿದೆ ಎಂಬ ಹಾಗೆ ಸ್ಟೂಲಿನ ಮೇಲೆ ಕಾಲು ಆಡಿಸುತ್ತ ಕೂತಳು.

ಬಂದ ಪ್ರತಿಯೊಬ್ಬರಿಗೂ ಅವಳೇ ಹೇಳುತ್ತಿದ್ದ ಮಾತಿತ್ತು: "ನಕಲಿಗೆ ಕೊಟ್ಟ ಮೇಲೆ ದಿನಾ ಸಂಜೆ ಹೋಗಿ ನೋಟೀಸ್ ಬೋರ್ಡು ನೋಡಿ. ತಯಾರಾದದ್ದರ ಪಟ್ಟಿ ಅಲ್ಲೇ ಅಂಟಿಸ್ತಾರೆ." ತಾನು ಮಾತ್ರ ಹೋಗಲಿಲ್ಲ. ಯಾಕೆ ಹೋಗಬೇಕು? ಬೋರ್ಡು ಎದುರಿಗೇ ಇತ್ತು. ಗೇಟಿನ ಒಳಗೆ, ಗೋಡೆಗೆ, ಜಾಲರಿ ಹಾಕಿದ್ದು. ಸ್ಟೂಲಿನಿಂದ ಬೋರ್ಡು ಕಾಣುತ್ತಿತ್ತು. ಅಕ್ಷರ ಕಾಣುತ್ತಿರಲಿಲ್ಲ, ಅಷ್ಟೇ. ಜೊತೆಗೆ ನಕಲು ವಿಭಾಗದ ಗುಮಾಸ್ತ ದಿನಕ್ಕೆರಡು ಸಲ ಅಂಗಡಿಗೆ ಬರುವವನು. ತನ್ನದು ಬಂದರೆ ಹೇಳುವುದಿಲ್ಲವೇ?

ತಿಂಗಳ ಕೊನೆಯ ಹಿಂದಿನ ದಿನ ಅದೇ ಗುಮಾಸ್ತ ಬಂದು ಶಾಯಿ ಬಾಟಲಿ ಕೇಳಿದ. ಒಂದಲ್ಲ, ಎರಡು.

"ಏನಪ್ಪಾ, ಕುಡಿಯೋಕಾ?"

"ತನಿಖೆ ಬರ್ತಿದೆ ಅಕ್ಕಾ. ಬಾಕಿ ಒಂದೂ ಇರಬಾರದಂತೆ. ನಾಳೆ ಸಂಜೆಯೊಳಗೆ ಎಲ್ಲಾ ತಯಾರು."

"ಬರೆದಾಗಿದ್ಯಾ?"

"ಬರೆಯೋದು ನಿಧಾನಕ್ಕೆ. ಸೀಲು ಮೊದಲು."

ಇಬ್ಬರೂ ನಕ್ಕರು. ಅದೇನೂ ಹೊಸದಲ್ಲ. ತನಿಖೆ ಬಂದಾಗೆಲ್ಲ ಬಾಕಿ ನಕಲುಗಳಿಗೆಲ್ಲ 'ತಯಾರು' ಎಂಬ ಸೀಲು ಬೀಳುತ್ತಿತ್ತು, ಪಟ್ಟಿ ಬೋರ್ಡಿಗೆ ಏರುತ್ತಿತ್ತು, ಹಾಳೆಗಳು ಆಮೇಲೆ ಟೈಪಾಗುತ್ತಿದ್ದವು. ಆ ಸೀಲಿನ ದಿನದಿಂದ ಎಷ್ಟು ಜನರ ಗಡುವು ಓಡಿಹೋಗಿತ್ತೋ, ಅವರೆಲ್ಲ ಆಮೇಲೆ ಬಂದು ಅವಳ ಹತ್ತಿರವೇ ವಿಳಂಬ ಮನ್ನಿಸುವ ಅರ್ಜಿಗೆ ಸ್ಟಾಂಪು ಕೊಂಡಿದ್ದರು. ಎಲ್ಲಾ ಗೊತ್ತಿತ್ತು. ಆದರೆ ಬಾಕಿ ನಕಲು ಅಂದರೆ ಅವಳ ಮನಸ್ಸಿಗೆ ಬರುತ್ತಿದ್ದದ್ದು ಮೆಟ್ಟಿಲ ಮೇಲೆ ಕೂರುವವರು. ಸ್ಟೂಲಿನ ಮೇಲೆ ಕೂತವಳು ಆ ಲೆಕ್ಕದಲ್ಲಿ ಇರಲೇ ಇಲ್ಲ. ಬಾಟಲಿಯ ಧೂಳು ಒರೆಸಿ, ಕಾಗದ ಸುತ್ತಿ ಕೊಟ್ಟಳು.

ಮುಂದಿನ ತಿಂಗಳು ಇಪ್ಪತ್ತನಾಲ್ಕನೇ ತಾರೀಕು ಮಾಲೀಕನ ಮಗ ಬಂದ. ಕೈಯಲ್ಲಿ ಅಳತೆ ಟೇಪು. ಬಾಗಿಲಿನ ಅಗಲಕ್ಕೆ ಟೇಪು ಎಳೆದು, ಒಂದು ಚೀಟಿಯಲ್ಲಿ ಬರೆದುಕೊಂಡ.

"ಏನು ಸ್ವಾಮಿ, ಈಗಲೇ ಅಳತೆ?" ಎಂದಳು ಸ್ಟಾಂಪಕ್ಕ.

"ಈಗಲೇ ಎಲ್ಲಿ ಬಂತು ಅಕ್ಕಾವ್ರೇ? ನಿಮ್ಮ ಗಡುವು ಮುಗಿದು ಇವತ್ತಿಗೆ ಎರಡು ವಾರ. ಶಟರು ಹಾಕಿಸಬೇಕು."

ಸ್ಟಾಂಪಕ್ಕ ಚಪ್ಪಲಿ ಮೆಟ್ಟಲೂ ಪುರುಸೊತ್ತಿಲ್ಲದೆ ರಸ್ತೆ ದಾಟಿದಳು. ಪಟ್ಟಿ ಜಾಲರಿಯ ಕೆಳಮೂಲೆಯಲ್ಲಿತ್ತು, ಬಿಸಿಲಿಗೆ ಹಳದಿಯಾಗಿತ್ತು. ಒಂಬತ್ತನೇ ಸಾಲು ಅವಳದು. ಮೂವತ್ತೊಂದನೇ ತಾರೀಕಿನ ಸೀಲು. ಶಾಯಿ ಬಹಳ ಗಾಢವಾಗಿತ್ತು, ಒಳ್ಳೇ ಮಾಲು.

ನಕಲು ವಿಭಾಗದ ಕಿಟಕಿಗೆ ಹೋಗಿ ಕೇಳಿದಳು. "ಒಂದು ಮಾತು ಹೇಳಬಾರದಿತ್ತಾ ನೀನು? ದಿನಾ ಬರ್ತೀಯಲ್ಲೋ!"

ಗುಮಾಸ್ತ ನಿಜಕ್ಕೂ ಪೆಚ್ಚಾದ. "ಅಕ್ಕಾ, ನಿಮಗೆ ನಾನು ಹೇಳೋದಾ? ನೀವು ಕೇಳಲಿಲ್ಲ, ನೋಡಿರ್ತೀರ ಅಂದ್ಕೊಂಡೆ. ಎದುರಿಗೇ ಇದೆಯಲ್ಲ!"

'ನೀವು ಕೇಳಲಿಲ್ಲ.' ಆ ಮಾತಿನ ಕಸುಬುಗಾರಿಕೆ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಕಲು ತಗೊಂಡು ವಕೀಲರ ಹತ್ತಿರ ಹೋದಳು.

ವಕೀಲರು ಅವಳಿಗೆ ಹಳೇ ಗಿರಾಕಿ. ಎಣಿಸಿ ನೋಡಿ, "ಹದಿನಾಲ್ಕು ದಿನ ತಡ. ಮನ್ನಿಸೋ ಅರ್ಜಿ ಹಾಕೋಣ" ಎಂದರು. ಅದಕ್ಕೆ ಒಂದು ಸ್ಟಾಂಪು. ಮಾರನೇ ದಿನ ಹೋದರೆ, ಅದರ ಜೊತೆ ಪ್ರಮಾಣಪತ್ರ ಬೇಕು ಎಂದರು. ಅದರ ಮಾರನೇ ದಿನ, ತೀರ್ಪಿಗೆ ತಡೆ ಕೇಳುವ ಅರ್ಜಿ ಬೇರೆ ಎಂದರು. ಸ್ಟಾಂಪಕ್ಕ ಮೂರು ಸಲವೂ ತನ್ನ ಅಂಗಡಿಗೆ ಬಂದು ತನಗೇ ಸ್ಟಾಂಪು ಮಾರಿ, ಬೆನ್ನಿಗೆ ದುಂಡಗೆ ಸಹಿ ಹಾಕಿದಳು. ಇವೆಲ್ಲ ಅವಳಿಗೆ ಗೊತ್ತಿದ್ದ ವಿಷಯವೇ. ಆದರೆ ತನ್ನದೇ ಕೇಸು ಅಂದಾಗ ತಲೆ ಓಡುತ್ತಿರಲಿಲ್ಲ. ಹಾಲಿನವಳ ಹಾಗೆ ಹೇಳಿದಷ್ಟು ಮಾಡಿ ವಾಪಸ್ಸು ಬರುತ್ತಿದ್ದಳು.

"ತಡಕ್ಕೆ ಕಾರಣ ಏನು ಬರೆಯೋಣ?" ಎಂದು ಕೇಳಿದರು ವಕೀಲರು.

"ಇದ್ದದ್ದನ್ನ ಬರೀರಿ. ಸೀಲು ಹಾಕಿದ ದಿನ ನಕಲು ಟೈಪೇ ಆಗಿರಲಿಲ್ಲ."

ವಕೀಲರು ಕನ್ನಡಕ ತೆಗೆದು ಒರೆಸಿದರು. "ಅಕ್ಕಾ, ಗುಮಾಸ್ತನ ಮೇಲೆ ಬರೆದರೆ ನಾಳೆಯಿಂದ ನನ್ನ ಒಂದು ಕಾಗದವೂ ಆ ಕಿಟಕಿಯಿಂದ ಹೊರಗೆ ಬರಲ್ಲ. ನಿಮ್ಮ ಅಂಗಡಿಗಾದ್ರೂ ಬರ್ತಾನಾ ಅವನು? ಜ್ವರ ಅಂತ ಬರೆಯೋಣ. ಹದಿನಾಲ್ಕು ದಿನ ಹಾಸಿಗೆ ಹಿಡಿದಿದ್ರಿ. ಡಾಕ್ಟರ ಚೀಟಿ ನಾನು ತರಿಸ್ತೀನಿ."

ಅವಳು ಸಹಿ ಹಾಕಿದಳು. ಅಂಗಡಿ ಉಳಿದರೆ ನಾಳೆ ಗುಮಾಸ್ತನೂ ಬೇಕಲ್ಲ.

ಮಹಡಿಯ ಮೇಲೆ ವಿಚಾರಣೆ ನಡೆದದ್ದು ಒಂದು ಬಿಸಿಲ ಮಧ್ಯಾಹ್ನ. ಮಾಲೀಕನ ಕಡೆ ವಕೀಲರು ಸಾವಧಾನದ ಮನುಷ್ಯ, ಧ್ವನಿಯನ್ನೇ ಏರಿಸಲಿಲ್ಲ. "ಈ ತಾಯಿ ಹದಿನಾಲ್ಕು ದಿನ ಏಳಲಾಗದೆ ಮಲಗಿದ್ದರಂತೆ. ಪಾಪ. ಅದೇ ದಿನಗಳಲ್ಲಿ ತಮ್ಮ ಮುಂದೆ ದಾಖಲಾದ ಫೈಲುಗಳನ್ನ ಒಂದು ಸಲ ತಿರುಗಿಸಿ ನೋಡಬೇಕು ಅಂತ ಕೋರ್ತೀನಿ. ಮುಂಭಾಗ ಅಲ್ಲ, ಸ್ಟಾಂಪಿನ ಬೆನ್ನು."

ನ್ಯಾಯಾಧೀಶರು ಮೇಜಿನ ಮೇಲಿದ್ದ ಒಂದು ಫೈಲು ತಿರುಗಿಸಿದರು. ದುಂಡನೆಯ ಸಹಿ, ಬಾಲ, ಹನ್ನೆರಡನೇ ತಾರೀಕು. ಇನ್ನೊಂದು. ಹದಿನೈದು. ಮತ್ತೊಂದು. ಹತ್ತೊಂಬತ್ತು. ಕೋರ್ಟಿನ ತುಂಬ ಅವಳ ಸಹಿ. ಅವಳು ಮಲಗಿದ್ದ ಒಂದು ದಿನವೂ ಆ ಕಟ್ಟಡದಲ್ಲಿ ಸಿಗಲಿಲ್ಲ.

"ಬೇರೆ ಏನಾದರೂ ನಿಜವಾದ ಕಾರಣ ಇದ್ದಿದ್ದರೆ ಯೋಚಿಸಬಹುದಿತ್ತು" ಎಂದರು ನ್ಯಾಯಾಧೀಶರು, ಬೇಸರದಿಂದಲೇ. "ಸುಳ್ಳು ಪ್ರಮಾಣದ ಮೇಲೆ ಕ್ರಮ ಬೇಡ, ಬಿಡ್ತೀನಿ. ಅರ್ಜಿ ವಜಾ."

ಮನೆಗೆ ಬಂದು ಅತ್ತೆಯ ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು. ಕೂಗಿದ್ದು ಅಕ್ಕಪಕ್ಕದವರಿಗೂ ಕೇಳಿತು. ಅತ್ತೆ, "ಎದುರಿಗೇ ಕೂತಿದ್ದೆಯಲ್ಲೇ, ಎದ್ದು ಹೋಗೋಕೆ ಏನಾಗಿತ್ತೇ ನಿನ್ನ ಕಾಲಿಗೆ?" ಎಂದಳು.

ಹದಿನೆಂಟು ದಿನದ ಮೇಲೆ ಅಮೀನ ಬಂದ, ಕೋರ್ಟಿನ ಹುಕುಂ ಜಾರಿ ಮಾಡುವವನು. ಇಪ್ಪತ್ತು ವರ್ಷ ಅವಳ ಅಂಗಡಿಯ ನೆರಳಲ್ಲಿ ನಿಂತು ಚಹಾ ಕುಡಿದಿದ್ದವನು, ಇವತ್ತು ಒಳಗೆ ಕಾಲಿಡದೆ ಬಿಸಿಲಲ್ಲೇ ನಿಂತ. ಸಾಮಾನು ಎರಡು ಕೈಗಾಡಿಯಷ್ಟಾಯಿತು. ಬಾಗಿಲು ಎಳೆದು ಬೀಗ ಹಾಕಿ, ಬೀಗದ ಮೇಲೆ ಬಟ್ಟೆ ಸುತ್ತಿ, ಅವನು ಜೇಬು ತಡಕಾಡಿದ.

"ಅಕ್ಕಾ... ಹೇಳೋಕೂ ನಾಚಿಕೆ. ಅರಗು ತರೋದು ಮರೆತೆ. ಸೀಲು ಹಾಕಬೇಕು."

ಸ್ಟಾಂಪಕ್ಕ ಕೈಗಾಡಿಯ ಡಬ್ಬಕ್ಕೆ ಕೈ ಹಾಕಿ ಒಂದು ತುಂಡು ಅರಗು ತೆಗೆದಳು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ.

"ಕಾಸು?"

ಅವನು ಚಿಲ್ಲರೆ ಕೊಟ್ಟ. ಅವಳು ಅದನ್ನು ಸೆರಗಿಗೆ ಗಂಟು ಹಾಕಿದಳು. ಅದೇ ಆ ಬಾಗಿಲ ಕೊನೆಯ ವ್ಯಾಪಾರ.

ಬೇರೆ ಬಾಗಿಲಿಗೆ ಲೈಸೆನ್ಸು ಕೇಳಿ ಅರ್ಜಿ ಕೊಟ್ಟಳು. ಬರಲಿಲ್ಲ, ಆ ಬೀದಿಗೆ ಒಂದೇ ಲೈಸೆನ್ಸು, ಅದು ಆಗಲೇ ಮಾಲೀಕನ ಮಗನಿಗೆ ಹೋಗಿತ್ತು. ಅವನ ಸ್ವಂತ ವ್ಯಾಪಾರ ಅಂದರೆ ಇದೇ. ಈಗ ಅಲ್ಲಿ ಹೊಸ ಶಟರು, ಗಾಜಿನ ಕೌಂಟರು, ತಿರುಗುವ ಕುರ್ಚಿ. ಸ್ಟಾಂಪಕ್ಕ ಕೋರ್ಟಿನ ಗೋಡೆಯ ಬುಡದಲ್ಲಿ ಗೋಣಿ ಹಾಸಿಕೊಂಡು ಲಕೋಟೆ, ಪೆನ್ನು, ದಾರ ಮಾರುತ್ತಾಳೆ. ನೋಟೀಸ್ ಬೋರ್ಡು ಅವಳ ತಲೆಯಿಂದ ನಾಲ್ಕು ಮಾರು. ಈಗ ದಿನಾ ಸಂಜೆ ಎದ್ದು ಹೋಗಿ ಪೂರ್ತಿ ಓದುತ್ತಾಳೆ, ಅವಳದೇನೂ ಇಲ್ಲದಿದ್ದರೂ.

ಮೊನ್ನೆ ಒಬ್ಬ ಹೆಂಗಸು ಬಂದಳು. ಕೂಲಿ ಮಾಡಿದ ಕೈ, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿದ ಕಾಗದ. "ಅಕ್ಕಾ, ಇದಕ್ಕೆ ಎಷ್ಟು ಸ್ಟಾಂಪು ಹಚ್ಚಬೇಕು?"

ಸ್ಟಾಂಪಕ್ಕ ಕಾಗದ ಓದಿದಳು. ಆಮೇಲೆ ಏನಾಯಿತೋ, ಕಟ್ಟೆ ಒಡೆದ ಹಾಗೆ ಎಲ್ಲವನ್ನೂ ಹೇಳಿಬಿಟ್ಟಳು. ಎಷ್ಟು ಪ್ರತಿ, ಎಷ್ಟು ಲಕೋಟೆ, ಸಮನ್ಸಿಗೆ ಎಷ್ಟು, ಯಾವ ಕಿಟಕಿ, ಎಷ್ಟು ಗಂಟೆಯೊಳಗೆ, ಬೋರ್ಡು ಯಾವಾಗ ನೋಡಬೇಕು. ಕೊನೆಗೆ ಧ್ವನಿ ತಗ್ಗಿಸಿ, "ಕೈಲಿ ಕಾಸಿಲ್ಲ ಅಂದ್ರೆ ಫೀಸೇ ಬೇಡಮ್ಮ. ಮಾಫಿಗೆ ಅಂತ ಒಂದು ಅರ್ಜಿ ಬರೆದು ಕೊಟ್ರೆ ಸಾಕು. ಒಂದೇ ಹಾಳೆ. ಹಾಳೆ ನಾನೇ ಕೊಡ್ತೀನಿ" ಎಂದಳು.

ಆ ಹೆಂಗಸು ಗೋಣಿಯನ್ನು ನೋಡಿದಳು, ಲಕೋಟೆ ನೋಡಿದಳು, ಅವಳ ಮುಖ ನೋಡಿದಳು. "ಕೋರ್ಟಲ್ಲಿ ಫೀಸೇ ಬೇಡ ಅಂತೀರಾ?"

"ಹೂಂ ಕಣಮ್ಮ."

"ನಿಮಗೆಷ್ಟು ಕೊಡಬೇಕು, ಹೇಳಿದ್ದಕ್ಕೆ?"

"ಏನೂ ಬೇಡ."

ಅಲ್ಲಿಗೆ ಆ ಹೆಂಗಸಿನ ಅನುಮಾನ ಗಟ್ಟಿಯಾಯಿತು. ಕಾಗದವನ್ನು ಮೆಲ್ಲಗೆ ವಾಪಸ್ಸು ತಗೊಂಡು ಚೀಲಕ್ಕೆ ಹಾಕಿದಳು. "ಇರಲಿ ಅಕ್ಕಾ, ಆ ಅಂಗಡಿಯಲ್ಲಿ ಒಂದು ಮಾತು ಕೇಳ್ಕೊಂಡು ಬರ್ತೀನಿ. ಅವರು ತಿಳಿದವರು" ಎಂದು ರಸ್ತೆ ದಾಟಿದಳು.

ಗಾಜಿನ ಕೌಂಟರಿನ ಆಚೆ ಮಾಲೀಕನ ಮಗ ಕುರ್ಚಿ ತಿರುಗಿಸಿ, ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಒಂದು ಸ್ಟಾಂಪು ಹರಿದು ಕೊಟ್ಟ. ಒಂದೇ. ಹೆಂಗಸು ಸೆರಗಿನ ಗಂಟು ಬಿಚ್ಚುವುದು ಈಚೆಯಿಂದ ಚೆನ್ನಾಗಿ ಕಾಣುತ್ತಿತ್ತು.