ಅಕ್ಕನ ಹಿಂದೆ ಹತ್ತಿದ ಗುಡ್ಡಗಳು

ನಾಲ್ಕು ವರ್ಷ, ಒಂದು ಭಾನುವಾರ ಬಿಟ್ಟು ಒಂದು ಭಾನುವಾರ, ನಾನು ಅವರ ಜೊತೆ ಗುಡ್ಡ ಹತ್ತಿದೆ. ಅವರು ನನಗಿಂತ ಹನ್ನೊಂದು ವರ್ಷ ದೊಡ್ಡವರು, ಧಾರವಾಡದವರು, ಪಕ್ಕದ ಊರಿನ ಕ್ಲಿನಿಕ್ಕಿನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ನಾನು ಮೈಸೂರಿನವಳು, ಮ್ಯಾಂಚೆಸ್ಟರ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ನನಗೆ ಒಡಹುಟ್ಟಿದ ಅಕ್ಕ ಇಲ್ಲ.

ಶುರು ಮಾಡಿದ್ದು ಅವರೇ. ಕನ್ನಡದವರ ಯಾವುದೋ ಊಟದಲ್ಲಿ ನನ್ನ ತಟ್ಟೆ ನೋಡಿ, "ಇಷ್ಟು ಉಂಡು ಕುರ್ಚಿ ಮ್ಯಾಲೆ ಕೂತ್ರ ನಲವತ್ತಕ್ಕ ಮುದುಕಿ ಆಗ್ತೀ. ರವಿವಾರ ಎಂಟಕ್ಕ ತಯಾರಿರು" ಅಂದರು. ಆ ಭಾನುವಾರ ಅವರ ಕಾರಿನಲ್ಲಿ ಗುಡ್ಡದ ಬುಡದ ಹೇಫೀಲ್ಡ್ ಎಂಬ ಹಳ್ಳಿಗೆ ಹೋದೆವು. ಅರ್ಧ ಗಂಟೆಯ ದಾರಿ. ಇಷ್ಟು ಹತ್ತಿರ ಇಷ್ಟು ದೊಡ್ಡ ಬಯಲು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಮರವಿಲ್ಲ, ಮನೆಯಿಲ್ಲ, ಕಂದು ಹುಲ್ಲು, ಕರಿ ಕೆಸರು, ಮೇಲೆ ಗಾಳಿ. ಮರುಭೂಮಿಗೆ ನೀರು ಹುಯ್ದ ಹಾಗಿತ್ತು. ಬಂಡೆಯ ಮರೆಯಲ್ಲಿ ಕೂತು ಅವರ ಚಪಾತಿ, ಶೇಂಗಾ ಚಟ್ನಿಪುಡಿ, ನನ್ನ ಫ್ಲಾಸ್ಕಿನ ಕಾಫಿ. ಮನೆಯಲ್ಲಿ ಯಾರ ಹತ್ತಿರವೂ ಆಡದ ಮಾತನ್ನು ನಾವು ಅಲ್ಲಿ ಆಡುತ್ತಿದ್ದೆವು. ಮಗಳು ತನ್ನ ಜೊತೆ ಒಂದು ಕನ್ನಡ ಪದ ಆಡಲ್ಲ ಅಂತ ಅವರು ಅತ್ತಿದ್ದು ಅಲ್ಲೇ. ನನಗೆ ಎರಡು ಸಲ ಗರ್ಭ ನಿಲ್ಲದೆ ಹೋದದ್ದನ್ನು ನಾನು ಹೇಳಿದ್ದೂ ಅಲ್ಲೇ.

ಮೂರನೆಯ ವರ್ಷದ ಹೊತ್ತಿಗೆ ನಾನು ಹಿಂದೆ ಬೀಳತೊಡಗಿದೆ. ಮೊದಲು ಹತ್ತು ಹೆಜ್ಜೆ, ಆಮೇಲೆ ಇಪ್ಪತ್ತು, ಆಮೇಲೆ ಅವರ ಕೆಂಪು ಜಾಕೆಟ್ ಮಾತ್ರ ದೂರದಲ್ಲಿ ಕಾಣುವಷ್ಟು. ನಿಂತರೆ ಎದೆಯೊಳಗೆ ಪಾರಿವಾಳ ಬಡಿದುಕೊಂಡ ಹಾಗೆ. ರಾತ್ರಿ ಎರಡು ದಿಂಬು ಇಟ್ಟುಕೊಳ್ಳದಿದ್ದರೆ ಕೆಮ್ಮು. ಎಲ್ಲವನ್ನೂ ಅವರಿಗೆ ಹೇಳಿದೆ. ಒಂದು ಸಲ ಅಲ್ಲ.

"ಏನೂ ಆಗಿಲ್ಲ ನಿನಗ. ಥಂಡಿ ಗಾಳಿ, ಮ್ಯಾಲೆ ರಕ್ತ ಕಡಿಮಿ. ಖರ್ಜೂರ ತಿನ್ನು, ಸುಮ್ನ ಹತ್ತು."

ಖರ್ಜೂರ ತಿಂದೆ. ಸುಮ್ಮನೆ ಹತ್ತಿದೆ. ನನ್ನ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ನನಗೆ ನನ್ನದೇ ಜಿಪಿ ಇದ್ದರು. ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ ಸಾಲಿನಲ್ಲಿ ಕಾಯಬೇಕು, ಹತ್ತು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಎಲ್ಲ ಹೇಳಬೇಕು. ಪಕ್ಕದ ಸೀಟಿನಲ್ಲೇ ಡಾಕ್ಟರ್ ಕೂತಿರುವಾಗ ಅದೆಲ್ಲ ಯಾಕೆ ಅನ್ನಿಸಿತು. ಕೆಟ್ಟ ಸುದ್ದಿ ಬಂದೀತು ಎಂಬ ಭಯವೂ ಇತ್ತು. ಏನೂ ಇಲ್ಲ ಎಂದು ಹೇಳುವವರ ಮಾತು ಕೇಳುವುದು ಸುಲಭ.

ಬ್ರೆಕ್ಸಿಟ್ ಮತದಾನವಾದ ವರ್ಷದ ಶರತ್ಕಾಲ. ಈಡೇಲ್ ಎಂಬ ಹಳ್ಳಿಯ ಕಡೆಯಿಂದ ಹೊರಟು ಜೇಕಬ್ಸ್ ಲ್ಯಾಡರ್ ಎಂಬ ಕಡಿದಾದ ಕಲ್ಲುಮೆಟ್ಟಿಲು ಹತ್ತುತ್ತಿದ್ದೆವು. ಅರ್ಧಕ್ಕೆ ನನ್ನ ಕಾಲು ನಿಂತುಹೋಯಿತು. ಕಣ್ಣು ಕತ್ತಲಿಟ್ಟಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಅಕ್ಕಾ, ಆಗ್ತಿಲ್ಲ" ಅಂದೆ.

ಅವರು ತಿರುಗಿ ನೋಡಿದರು. "ಕೂತಿರು. ನಾ ಮ್ಯಾಲೆ ಹೋಗಿ ಬರ್ತೇನಿ. ಇಷ್ಟು ದೂರ ಬಂದು ಹಂಗ ಹೋಗೂದೇನು?"

ಹೋದರು. ಜನ ನನ್ನನ್ನು ದಾಟಿ ಹತ್ತುತ್ತಿದ್ದರು, ಹಲೋ ಅನ್ನುತ್ತಿದ್ದರು. ನಾನೂ ಹಲೋ ಅನ್ನುತ್ತಿದ್ದೆ. ಇಳಿದು ಬರುತ್ತಿದ್ದ ಒಬ್ಬ ವಯಸ್ಸಾದ ಇಂಗ್ಲಿಷ್ ಹೆಂಗಸು, ನಾಯಿ ಹಿಡಿದುಕೊಂಡವರು, ನನ್ನೆದುರು ನಿಂತರು. "ನಿಮ್ಮ ತುಟಿ ಯಾವಾಗಿನಿಂದ ಹೀಗೆ ನೀಲಿಯಾಗಿದೆ?" ಅಂತ ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಾನು ಮೂವತ್ತು ವರ್ಷ ನರ್ಸ್ ಆಗಿದ್ದೆ ಅಂತ ಹೇಳಿ ಪಕ್ಕದಲ್ಲಿ ಕೂತು ನಾಡಿ ಹಿಡಿದರು. ನಾಯಿ ನನ್ನ ಬೂಟಿನ ಮೇಲೆ ತಲೆ ಇಟ್ಟು ಮಲಗಿತು. ಅಕ್ಕ ಮರಳುವವರೆಗೆ ಅವರು ಏಳಲಿಲ್ಲ.

ಅಕ್ಕ ಬಂದವರೇ ನಕ್ಕರು. "ನಾನು ಡಾಕ್ಟರ್. ಇವಳಿಗೆ ಏನಿಲ್ಲ, ವ್ಯಾಯಾಮ ಸಾಲದು ಅಷ್ಟೆ" ಅಂತ ಇಂಗ್ಲಿಷಿನಲ್ಲಿ ಹೇಳಿದರು.

ಆ ಹೆಂಗಸು ಅವರತ್ತ ನೋಡಲೇ ಇಲ್ಲ. ನನ್ನ ಕೈ ಬಿಡುವ ಮುಂಚೆ, "ಆಸ್ಪತ್ರೆಗೆ ಹೋಗಿ. ಇವತ್ತೇ. ನಾಳೆ ಅಲ್ಲ" ಅಂದರು.

ಮೆಲ್ಲಗೆ ಇಳಿದೆವು. ಕಾರಿನಲ್ಲಿ ಅಕ್ಕ, "ಇಲ್ಲಿ ನರ್ಸ್‌ಗಳೆಲ್ಲ ತಾವೇ ಡಾಕ್ಟರ್ ಅಂತ ತಿಳ್ಕೋತಾರ" ಅಂದರು. ನನ್ನನ್ನು ಆಸ್ಪತ್ರೆಗಲ್ಲ, ಮನೆ ಬಾಗಿಲಿಗೆ ಬಿಟ್ಟರು. ಬಿಸಿ ನೀರು ಸ್ನಾನ ಮಾಡಿ ಮಲಗು ಅಂದರು. ಸಂಜೆ ನನ್ನ ಗಂಡ ನನ್ನ ಮುಖ ನೋಡಿ, ಏನೂ ಕೇಳದೆ ಕಾರಿನ ಕೀ ತೆಗೆದುಕೊಂಡರು.

ಎಮರ್ಜೆನ್ಸಿಯಲ್ಲಿದ್ದ ಎಳೆ ವಯಸ್ಸಿನ ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದ. ಚಿಕ್ಕವಳಿದ್ದಾಗ ಜ್ವರ ಬಂದು ಕೀಲುಗಳೆಲ್ಲ ಊದಿದ್ದುಂಟೆ ಅಂತ ಕೇಳಿದ. ಉಂಟು. ಒಂಬತ್ತನೇ ವಯಸ್ಸಿನಲ್ಲಿ ಮೂರು ತಿಂಗಳು ಶಾಲೆ ಬಿಟ್ಟು ಮಲಗಿದ್ದೆ. ಆ ಜ್ವರ ಹೃದಯದ ಕವಾಟವೊಂದನ್ನು ಕಚ್ಚಿ ಹೋಗಿತ್ತು. ಇಷ್ಟು ವರ್ಷಕ್ಕೆ ಅದು ಗಟ್ಟಿಯಾಗಿ, ಒಂದು ಸೀಳಿನಷ್ಟು ಮಾತ್ರ ತೆರೆಯುತ್ತಿತ್ತು. ಕವಾಟ ಬದಲಿಸಬೇಕು ಅಂದರು. ಆ ಮಂಚದ ಮೇಲೆ ನನಗೆ ನೆನಪಾಗಿದ್ದು ಒಂದೇ. ಆ ಜ್ವರದ ಕಥೆಯನ್ನು ನಾನು ಅಕ್ಕನಿಗೆ ಹೇಳಿದ್ದೆ. ಅಮ್ಮ ದಿನಾ ರಾಗಿ ಗಂಜಿ ಕುಡಿಸಿದ್ದು, ಸೂಜಿಗೆ ಹೆದರಿ ಮಂಚದಡಿ ಅಡಗಿದ್ದು, ಎಲ್ಲ. ಅವರು ಕೇಳಿ ನಕ್ಕಿದ್ದರು.

ವಾರ್ಡಿಗೆ ಅವರು ಬರಲಿಲ್ಲ. ನಾಲ್ಕನೇ ದಿನ ಒಂದು ಮೆಸೇಜ್ ಬಂತು. ಯಾವಾಗಲೂ ನಗುತ್ತಾ ಧಾರವಾಡದ ಕನ್ನಡದಲ್ಲಿ ಮಾತಾಡಿ ಕಳಿಸುತ್ತಿದ್ದವರು ಇಂಗ್ಲಿಷಿನಲ್ಲಿ ಬರೆದಿದ್ದರು, ಎಲ್ಲ ಕಡೆ ಪೂರ್ಣವಿರಾಮ ಇಟ್ಟು. "ಉಸಿರಾಟದ ತೊಂದರೆಯ ಬಗ್ಗೆ ನೀವು ಹೇಳಿದಾಗಲೆಲ್ಲ ನಿಮ್ಮ ಜಿಪಿಯನ್ನು ಕಾಣುವಂತೆ ನಾನು ಸಲಹೆ ನೀಡಿದ್ದೆ. ಬೇಗ ಗುಣಮುಖರಾಗಿ."

ನನ್ನ ಗಂಡ ಅದನ್ನು ಓದಿ ಫೋನ್ ವಾಪಸ್ ಕೊಟ್ಟರು. "ಇದು ನಿನಗೆ ಬರೆದದ್ದಲ್ಲ. ಫೈಲಿಗೆ ಬರೆದದ್ದು, ನಾಳೆ ನೀನು ದೂರು ಕೊಟ್ಟರೆ ತೋರಿಸೋಕೆ."

ದೂರು ಕೊಡುವ ಯೋಚನೆ ಅಲ್ಲಿಯವರೆಗೆ ನನಗೆ ಬಂದೇ ಇರಲಿಲ್ಲ. ಆಮೇಲೆ ಒಂದು ವಾರ ಅದೊಂದೇ ಯೋಚನೆ. ಕೊಡಲಿಲ್ಲ. ಏನಂತ ಬರೆಯುವುದು? ನಾನು ಅವರ ಪೇಷೆಂಟ್ ಅಲ್ಲ. ಗುಡ್ಡದ ಮೇಲೆ ಆಡಿದ ಮಾತಿಗೆ ದಾಖಲೆ ಇಲ್ಲ.

ಎದೆ ಸೀಳಿ ಆಪರೇಷನ್ ಆಯಿತು. ಎರಡು ತಿಂಗಳಾದ ಮೇಲೆ, ಬೀದಿಯ ಕೊನೆಯವರೆಗೆ ನಡೆಯಲು ಬಂದ ದಿನ, ಅಕ್ಕನ ಮನೆಯ ಬೆಲ್ ಒತ್ತಿದೆ. ಬಾಗಿಲಲ್ಲೇ ನಿಂತರು. ಒಳಗೆ ಕುಕ್ಕರ್ ಕೂಗುತ್ತಿತ್ತು.

"ಅಕ್ಕಾ, ಜಿಪಿ ಹತ್ರ ಹೋಗು ಅಂತ ನೀವು ಯಾವತ್ತು ಹೇಳಿದ್ರಿ?"

"ನೋಡಿ, ನಾನು ನಿಮ್ಮ ಡಾಕ್ಟರ್ ಅಲ್ಲ."

ನಾಲ್ಕು ವರ್ಷ 'ನೀ' ಅಂದವರು 'ನೀವು' ಅಂದರು. ಅವರ ಕೈ ಬಾಗಿಲ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಹೆದರಿದ್ದಾರೆ ಅಂತ ಆಗ ಗೊತ್ತಾಯಿತು. ನನ್ನ ಪ್ರಾಣದ ಬಗ್ಗೆ ಅಲ್ಲ. ಒಂದು ಸಲ, ತಪ್ಪಾತು ನಂದು ಅಂದಿದ್ದರೆ ನಾನು ಒಳಗೆ ಹೋಗಿ ಊಟ ಮಾಡಿಕೊಂಡು ಬರುತ್ತಿದ್ದೆ. ಅಷ್ಟು ಅಗ್ಗದವಳು ನಾನು. ಅವರಿಗೆ ಅದೂ ತಿಳಿದಿರಲಿಲ್ಲ.

ಮುಂದಿನ ಯುಗಾದಿಗೆ ಶಾಲೆಯೊಂದರ ಹಾಲಿನಲ್ಲಿ ಕನ್ನಡದವರೆಲ್ಲ ಸೇರಿದ್ದರು. ಬೇವು ಬೆಲ್ಲದ ತಟ್ಟೆ ಹಿಡಿದು ಅಕ್ಕನೇ ನಮ್ಮ ಸಾಲಿಗೆ ಬಂದರು. ನನ್ನ ಹೆಗಲಿಗೆ ಕೈ ಹಾಕಿ, ಸುತ್ತಲಿದ್ದವರಿಗೆ ಕೇಳುವಂತೆ, "ಅವತ್ತು ಗುಡ್ಡದ ಮ್ಯಾಲೆ ನಾ ಜೋಡಿ ಇದ್ದಿದ್ದು ಪುಣ್ಯ. ಇಲ್ಲಂದ್ರ ಏನ್ ಗತಿ" ಅಂದರು. ಹೆಂಗಸರೆಲ್ಲ ಹೌದು ಹೌದು ಅಂದರು. ನನ್ನ ಪಕ್ಕ ಕೂತವರು, "ಡಾಕ್ಟರ್ ಫ್ರೆಂಡ್ ಇದ್ರೆ ಅದೊಂದು ಭಾಗ್ಯ" ಅಂದರು.

ನಾನು "ಹೌದು" ಅಂದೆ.

ಮನೆಗೆ ಬರುವಾಗ ಗಂಡ ಕೇಳಿದರು, "ಯಾಕೆ ಹೌದು ಅಂದೆ?" ನಾನು ಬೇರೆ ಮಾತು ತೆಗೆದೆ. ಈಗ ನಾನು ಮೊದಲಿಗಿಂತ ಚೆನ್ನಾಗಿ ಹತ್ತುತ್ತೇನೆ. ಒಬ್ಬಳೇ ಹೋಗುತ್ತೇನೆ. ಗಂಡನಿಗೆ ಕೆಸರು ಕಂಡರಾಗದು, ಆಫೀಸಿನವರು ಬಂದರೆ ಆಫೀಸಿನ ಮಾತೇ ಆಡುತ್ತಾರೆ. ಬಂಡೆಯ ಮರೆಯಲ್ಲಿ ಕೂತು ಡಬ್ಬಿ ತೆರೆದಾಗ ಮಾತಾಡಬೇಕು ಅನ್ನಿಸುವುದು ಅಕ್ಕನ ಜೊತೆಗೇ. ಅವರನ್ನು ಕ್ಷಮಿಸಿಲ್ಲ. ನನಗೆ ಹೆಚ್ಚು ಸಿಟ್ಟು ಬರುವುದು ಆ ಆಸೆಯ ಮೇಲೆ.