ರಾಜ ಒಪ್ಪಿಬಿಟ್ಟ

ನಮ್ಮ ಮನೆಯ ಕುಕ್ಕರಿನ ಸೀಟಿಯನ್ನು ಈಗ ಪಕ್ಕದ ಮನೆಯ ಸುಮಿತ್ರಕ್ಕ ಎಣಿಸುತ್ತಾರೆ. ನಾಚಿಕೆಯ ವಿಷಯವೇ, ಆದರೆ ಬೇರೆ ದಾರಿಯಿರಲಿಲ್ಲ. ಖಿನ್ನತೆಗೆಂದು ಶಿವಮೊಗ್ಗದ ಡಾಕ್ಟರು ಕೊಟ್ಟ ಗುಳಿಗೆ ನುಂಗಲು ಶುರುಮಾಡಿದ ಮೇಲೆ, ಒಂದರ ನಂತರ ಎರಡು ಬರುತ್ತದೆ ಎಂಬುದೇನೋ ನನಗೆ ನೆನಪಿದೆ. ಒಂದು ಆಗಿದೆಯೋ ಇಲ್ಲವೋ ಎಂಬುದೇ ಅನುಮಾನ. ಬೇಳೆ ಒಮ್ಮೆ ಸೀದು, ಮತ್ತೊಮ್ಮೆ ಹಸಿಯಾಗಿಯೇ ಬಟ್ಟಲಿಗೆ ಬಂದ ಮೇಲೆ ಸುಮಿತ್ರಕ್ಕ ತಾವಾಗಿ ಜವಾಬ್ದಾರಿ ಹೊತ್ತರು. ಸಾಗರದ ನಮ್ಮ ಬೀದಿಯಲ್ಲಿ ಅಡುಗೆಮನೆಯ ಕಿಟಕಿಗಳು ಅಷ್ಟು ಹತ್ತಿರ. "ಮೂರಾಯ್ತು ಕಣ್ರೀ, ಆಫ್ ಮಾಡಿ!" ಎಂದು ಕೂಗು ಬರುತ್ತದೆ. ನನ್ನ ಸೀಟಿ ಎಣಿಸುವ ಭರದಲ್ಲಿ ಅವರು ತಮ್ಮ ಹಾಲು ಉಕ್ಕಿಸಿಕೊಂಡದ್ದೂ ಉಂಟು. ಗುಳಿಗೆ ನುಂಗುವವಳು ನಾನು, ಅಡ್ಡ ಪರಿಣಾಮ ಅವರಿಗೆ.

ಮನಸ್ಸು ಎಣ್ಣೆಯ ಧಾರೆಯಂತೆ ಎಡೆಬಿಡದೆ ಒಂದೇ ಕಡೆ ಹರಿಯಬೇಕು ಎಂದು ತಿಳಿದವರು ಹೇಳುತ್ತಾರೆ. ಸತ್ಯವಿರಬಹುದು. ನನ್ನದು ಎಣ್ಣೆಗೆ ಬಿದ್ದ ಸಾಸಿವೆ. ಪೇಪರು ಓದಲು ಕೂತರೆ ಮೊದಲ ವಾಕ್ಯದಲ್ಲಿ ಬಂದ ಮಂತ್ರಿಗಳು ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಯಾರೆಂದೇ ಮರೆತಿರುತ್ತದೆ. ಇದರಿಂದ ಅಂಥ ನಷ್ಟವೇನೂ ಆಗಿಲ್ಲ ಎನ್ನುವುದು ಬೇರೆ ಮಾತು.

ಡಾಕ್ಟರಿಗೆ ಹೇಳಿದೆ. "ನೂರರಿಂದ ಏಳೇಳು ಕಳೀತಾ ಬನ್ನಿ" ಎಂದರು. ತೊಂಬತ್ತಮೂರರಲ್ಲಿ ನನ್ನ ಗಾಡಿ ನಿಂತಿತು.

"ಮೊದ್ಲು ಬರ್ತಿತ್ತಾ?"

"ಇಲ್ಲ ಡಾಕ್ಟ್ರೇ. ನಾನು ಕನ್ನಡ ಟೀಚರ್ರು."

ಅವರು ಪೆನ್ನು ಕೆಳಗಿಟ್ಟರು. "ಇದು ಗುಳಿಗೆಯಿಂದ್ಲೂ ಇರ್ಬಹುದು, ಕಾಯಿಲೆಯಿಂದ್ಲೂ ಇರ್ಬಹುದು. ಸ್ವಲ್ಪ ದಿನ ನೋಡೋಣ. ನೀವಾಗೇ ನಿಲ್ಲಿಸ್ಬೇಡಿ, ಏನಿದ್ರೂ ಬಂದು ಹೇಳಿ" ಎಂದರು. ನಾನು ವಿಧೇಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದೆ. ತಲೆಯೊಳಗೆ ಮಾತ್ರ ಬೇರೆಯೇ ಯೋಚನೆ ನಡೆದಿತ್ತು.

ಬೇಳೆ ಸೀದರೆ ಸಹಿಸಿಕೊಳ್ಳಬಹುದು, ನನಗೆ ಭಯವಿದ್ದದ್ದು ತಾಳಮದ್ದಳೆಯದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ನಾವು ಇಸ್ತ್ರಿ ಸೀರೆಯುಟ್ಟು ಕೂತಲ್ಲೇ ರಾಜರೋ ಋಷಿಗಳೋ ಆಗಿ ವಾದ ಮಾಡುತ್ತೇವೆ. ಬರೆದುಕೊಂಡು ಓದುವಂತಿಲ್ಲ. ಎದುರಿನವರು ಎತ್ತಿದ ಮಾತನ್ನೆಲ್ಲ ಹಿಡಿದಿಟ್ಟುಕೊಂಡು ಒಂದೊಂದಕ್ಕೂ ಉತ್ತರ ಕೊಡಬೇಕು. ನಮ್ಮ ಮಹಿಳಾ ತಂಡದಲ್ಲಿ ಹಠಮಾರಿ ರಾಜರೆಲ್ಲ ನನ್ನ ಪಾಲಿಗೆ ಬಂದವರು. ನನಗೆ ಹುಷಾರು ತಪ್ಪಿದ ಮೇಲೆ ಒಂದು ವರ್ಷದಿಂದ ಆ ರಾಜರೆಲ್ಲ ರಜೆಯಲ್ಲಿದ್ದರು.

ಗೆಳತಿ ವಸುಧಾ ಫೋನು ಮಾಡಿದಳು. ಅವಳು ವೃತ್ತಿಯಲ್ಲಿ ವಕೀಲೆ, ತಾಳಮದ್ದಳೆಯಲ್ಲೂ ಹಾಗೆಯೇ. "ಭಾನುವಾರ ಮಧ್ಯಾಹ್ನ ಹೊಸನಗರದಲ್ಲಿ ಕಾರ್ಯಕ್ರಮ. ನೀನು ರಾಜ, ನಾನು ಸಂಧಾನಕ್ಕೆ ಬರೋ ದೂತ." ನಾನು ಬೇಡವೆಂದೆ. "ನಿನ್ನ ಹೆಸರು ಪ್ರಿಂಟಾಗಿದೆ ಮಾರಾಯ್ತಿ" ಎಂದು ಇಟ್ಟುಬಿಟ್ಟಳು.

ಹೊರಡುವಾಗ ಗುಳಿಗೆಯ ಪಟ್ಟಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಮನಸ್ಸಿನಲ್ಲೇ ಒಂದು ತೀರ್ಮಾನವಾಗಿತ್ತು: ವಾದದ ನಡುವೆ ಎಳೆ ತಪ್ಪಿದರೆ, ವಾಪಸು ಬರುವಾಗ ಸೇತುವೆಯ ಮೇಲಿಂದ ಇಷ್ಟನ್ನೂ ಶರಾವತಿಯ ಹಿನ್ನೀರಿಗೆ ಎಸೆಯುವುದು. ಮೀನುಗಳಾದರೂ ನೆಮ್ಮದಿಯಾಗಿರಲಿ. ಕಾರು ಓಡಿಸುತ್ತಿದ್ದ ನಮ್ಮ ಮನೆಯವರಿಗೆ ಇದನ್ನು ಹೇಳಲಿಲ್ಲ.

ಪ್ರಸಂಗ ಸರಳ. ದೂತ ಬಂದು ಅರ್ಧ ರಾಜ್ಯ ಕೇಳುತ್ತಾನೆ, ರಾಜ ಕೊಡುವುದಿಲ್ಲ, ಯುದ್ಧವಾಗುತ್ತದೆ. ನನ್ನ ಕೆಲಸ ಎರಡು ಗಂಟೆ ಹೊತ್ತು ಬಗೆಬಗೆಯಾಗಿ "ಇಲ್ಲ" ಎನ್ನುವುದು. ವಸುಧಾ ಶುರುಮಾಡಿದಳು. ಧರ್ಮ, ನ್ಯಾಯ, ಅಣ್ಣತಮ್ಮಂದಿರ ಪ್ರೀತಿ... ಅಷ್ಟರಲ್ಲಿ ಸಭಾಭವನದ ಫ್ಯಾನು ಟಕ್ ಟಕ್ ಎನ್ನುವುದು ಕಿವಿಗೆ ಬಿತ್ತು. ಅದು ಮದ್ದಳೆಯ ತಾಳಕ್ಕೆ ಕೂಡುತ್ತದೆಯೋ ಇಲ್ಲವೋ ಎಂದು ನೋಡುತ್ತ ನೋಡುತ್ತ ನಾನು ಫ್ಯಾನಿನ ಜೊತೆಗೇ ಹೋಗಿಬಿಟ್ಟೆ. ತಿರುಗಿ ಬರುವಷ್ಟರಲ್ಲಿ ಸಭೆಯೆಲ್ಲ ನನ್ನನ್ನೇ ನೋಡುತ್ತಿದೆ, ವಸುಧಾ ಕೈಚಾಚಿ ಕೇಳುತ್ತಿದ್ದಾಳೆ: "ಅರ್ಧ ಕೊಟ್ಟರೆ ನಿನಗೇನು ಕಡಿಮೆಯಾದೀತು?"

ನಾನು ಯಾರ ಕಡೆಯವಳೆಂಬುದೇ ಆ ಕ್ಷಣಕ್ಕೆ ಹೊಳೆಯಲಿಲ್ಲ. ಪ್ರಶ್ನೆಯೇನೋ ನ್ಯಾಯವಾಗಿಯೇ ಕಂಡಿತು.

"ಆಯಿತು, ಕೊಟ್ಟಿದ್ದೇನೆ. ತೆಗೆದುಕೊಂಡು ಹೋಗು" ಎಂದೆ.

ಮದ್ದಳೆಯವರ ಕೈ ಅರ್ಧದಲ್ಲಿ ನಿಂತಿತು. ಭಾಗವತರು ರಾಜನ ಸಿಟ್ಟಿನ ಪದ್ಯಕ್ಕೆಂದು ಎತ್ತಿದ ಉಸಿರನ್ನು ಹಾಗೆಯೇ ನುಂಗಿಕೊಂಡರು. ಕೋರ್ಟಿನಲ್ಲಿ ಇಷ್ಟು ವರ್ಷ ಕಳೆದರೂ ಎದುರು ಪಕ್ಷ ಮೊದಲ ದಿನವೇ ಒಪ್ಪಿದ್ದನ್ನು ವಸುಧಾ ಕಂಡಿರಲಿಕ್ಕಿಲ್ಲ. ಸೆರಗು ಸರಿಮಾಡಿಕೊಂಡು ಗರ್ಜಿಸಿದಳು: "ರಾಜಾ, ಇಷ್ಟು ಸುಲಭವಾಗಿ ಕೊಡುತ್ತೀಯೆಂದರೆ ಇದರಲ್ಲಿ ಕಪಟವಿದೆ. ನನಗೆ ಬೇಡ!"

ಸಂಧಾನಕ್ಕೆ ಬಂದ ದೂತ ಸಂಧಾನ ಒಲ್ಲೆ ಎಂದ. ನನಗೆ ರೋಷ ಬಂತು. ಕೊಡುವವನಿಗಿಲ್ಲದ ಅನುಮಾನ ಬೇಡಲು ಬಂದವನಿಗೇಕೆ ಎಂದೆ. ಅರ್ಧ ಸಾಲದಿದ್ದರೆ ಮುಕ್ಕಾಲು ತೆಗೆದುಕೋ ಎಂದೆ. ಅವಳು ನಿರಾಕರಿಸಿದಷ್ಟೂ ನಾನು ಕೊಟ್ಟೆ. ಕೊನೆಗೆ ಭಾಗವತರು ಗಡಿಯಾರ ನೋಡಿ, "ಏನಾದ್ರೂ ಮಾಡ್ಕಳ್ಳಿ, ಪದ್ಯದಲ್ಲಿ ಯುದ್ಧ ಇದೆ" ಎಂದು ಗೊಣಗಿ ಯುದ್ಧದ ಪದ್ಯ ಎತ್ತಿಯೇಬಿಟ್ಟರು. ಹೀಗೆ, ಒಬ್ಬರು ಕೊಡುತ್ತೇನೆಂದೂ ಇನ್ನೊಬ್ಬರು ಬೇಡವೆಂದೂ ಹಠ ಹಿಡಿದದ್ದಕ್ಕೆ ಹೊಸನಗರದಲ್ಲಿ ಘೋರ ಯುದ್ಧವಾಯಿತು.

ಜನ ನಕ್ಕು ನಕ್ಕು ಚಪ್ಪಾಳೆ ತಟ್ಟಿದರು. ಆದರೆ ಕಾರಿನಲ್ಲಿ ಕೂತ ಮೇಲೆ ನನಗೆ ಅಳು ಬಂತು. ಜನ ನಕ್ಕರೆಂದಲ್ಲ. ನನ್ನ ಪಕ್ಷ ಯಾವುದೆಂಬುದೇ ಮರೆತುಹೋಗುವ ತಲೆಯನ್ನಿಟ್ಟುಕೊಂಡು ಮುಂದೆ ಏನು ಮಾಡುವುದು ಎಂದು ದಿಗಿಲಾಯಿತು. ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡೆ.

ಸ್ವಲ್ಪ ದೂರ ಬಂದ ಮೇಲೆ ಮನೆಯವರು, "ನಂಗೂ ಬೇಜಾರಾತು ನೋಡು" ಎಂದರು.

ಅವರಿಗೇಕೆ ಬೇಜಾರು ಎಂದು ಕೇಳಿದೆ.

"ಒಂದು ವರ್ಷದಿಂದ ನಾ ದೋಸೆ ತಿಂತ್ಯ ಕೇಳಿದ್ರೂ ಬ್ಯಾಡ, ಚಾ ಕುಡಿತ್ಯ ಕೇಳಿದ್ರೂ ಬ್ಯಾಡ. ಅವಳು ಅರ್ಧ ರಾಜ್ಯ ಕೇಳಿದ್ರೆ ಒಂದೇ ಮಾತಿಗೆ ಆತು ಹೇಳ್ದೆ!"

ಅಳುವಿನ ನಡುವೆಯೇ ನಗು ಬಂತು. ಮನುಷ್ಯ ಹೇಳಿದ್ದು ನಿಜ. ತೀರ್ಥಹಳ್ಳಿಯ ತಂಗಿಯ ಮನೆ ಗೃಹಪ್ರವೇಶವೂ ಬೇಡ, ನೆಂಟರೂ ಬೇಡ, ಕಿಟಕಿ ತೆರೆಯುವುದೂ ಬೇಡ. ಆ ವರ್ಷವೆಲ್ಲ ನಾನು ಕೂತಲ್ಲೇ ಆ ಹಠಮಾರಿ ರಾಜನ ಪಾತ್ರವನ್ನೇ ಮಾಡಿದ್ದೆ. ಆದರೂ ಸೋಲೊಪ್ಪಲು ಮನಸ್ಸಾಗದೆ, ಅದು ರಾಜ ಹೇಳಿದ್ದು, ನಾನಲ್ಲ ಎಂದು ವಾದ ಹೂಡಿದೆ.

"ನಾ ರಾಜನ್ನೇ ಕೇಳ್ತಿ ಹಂಗಾರೆ. ಮಹಾರಾಜ, ದೋಸೆ ತಿಂತ್ಯ?"

ರಾಜರು ದಾರಿಬದಿಯಲ್ಲಿ ದೋಸೆ ತಿನ್ನುವುದು ಶಾಸ್ತ್ರಸಮ್ಮತವೇ ಎಂಬಲ್ಲಿಂದ ಹಿಡಿದು, ತಿಂದರೆ ಮಸಾಲೆಯೋ ಖಾಲಿಯೋ ಎಂಬ ತನಕ ಚರ್ಚೆ ನಡೆಯಿತು. ಸಾಗರದ ಹೋಟೆಲಿನಲ್ಲಿ ಕೈ ತೊಳೆದು ಕರವಸ್ತ್ರಕ್ಕೆಂದು ಬ್ಯಾಗಿಗೆ ಕೈ ಹಾಕಿದರೆ ಗುಳಿಗೆಯ ಪಟ್ಟಿ ಸಿಕ್ಕಿತು. ಅಷ್ಟುದ್ದದ ಸೇತುವೆ, ಅಷ್ಟೊಂದು ನೀರು. ದಾಟಿ ಬಂದದ್ದೇ ನನಗೆ ಗೊತ್ತಾಗಿರಲಿಲ್ಲ.

ಮುಂದಿನ ಸಲ ಡಾಕ್ಟರಿಗೆ ಎಲ್ಲವನ್ನೂ ಹೇಳಬೇಕು, ಎಸೆಯಬೇಕೆಂದುಕೊಂಡದ್ದನ್ನೂ ಸೇರಿಸಿ. ಸೇತುವೆ ಕಾಣದೆ ಹೋದದ್ದು ಗಮನ ತಪ್ಪಿದ್ದರಿಂದಲೋ, ಗಮನ ಕೂಡಿದ್ದರಿಂದಲೋ ಎಂಬುದನ್ನು ಅವರೇ ತೀರ್ಮಾನಿಸಲಿ. ರಾತ್ರಿಯ ಗುಳಿಗೆಗೆ ಇನ್ನೂ ಹೊತ್ತಿತ್ತು. ಪಟ್ಟಿಯನ್ನು ಬ್ಯಾಗಿನೊಳಗೆ ಇಟ್ಟುಕೊಂಡೆ.

ತಟ್ಟೆ ಖಾಲಿಯಾದದ್ದನ್ನು ನೋಡಿ ಮನೆಯವರು ಹೆದರುತ್ತ ಹೆದರುತ್ತ ಕೇಳಿದರು: "ಇನ್ನೊಂದು?"

"ಆತು" ಎಂದೆ.